ಉತ್ತಮ ಶಿಕ್ಷಕರು ಶಾಲೆಯಲ್ಲಿರಲಿಲ್ಲ

ಹೋದ ವಾರ ಜೇವರ್ಗಿಯ ಸರ್ಕಲ್ಲಿನಲ್ಲಿ ನಮ್ಮ ಜೀಪು ನಿಂತಿತ್ತು. ಮುಂದಿದ್ದ ಹಳೆಯ ಸ್ಕೂಟರೊಂದು ನಾಲ್ಕಾರು ಒದೆ ತಿಂದು ಚಾಲೂ ಆಗಿ, ನೀಲಿ ಹೊಗೆಯನ್ನು ನೇರವಾಗಿ ನಮ್ಮ ಮುಖಕ್ಕೆ ಬಿಟ್ಟು ಹೋಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಆ ಕಾಲದ ಸ್ಕೂಟರುಗಳು ಈಗ ಎಲ್ಲಿವೆ? ಜೊತೆಗಿದ್ದ ಇಬ್ಬರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಕಿಟಕಿಯಿಂದ ಮುಖ ಹೊರಗೆ ಹಾಕಿ ಆ ವಾಸನೆಯನ್ನು ಎಳೆದುಕೊಂಡೆ. "ಯಾಕ್ರಿ ಮೇಡಂ, ಆರಾಮ ಇದ್ದೀರಿಲ್ಲೋ?" ಎಂದು ಡ್ರೈವರ್ ಕೇಳಿದ. ಆರಾಮವಾಗಿಯೇ ಇದ್ದೆ. ನಮ್ಮ ಹೆಡ್ ಸರ್ ನೆನಪಾಗಿದ್ದರು, ಅಷ್ಟೇ.

ನಾವು ಮೂವರು ಹೊರಟಿದ್ದದ್ದು ಯಡ್ರಾಮಿ ಕಡೆಯ ಒಂದು ಶಾಲೆಗೆ. ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಹಾಕಿದವರ ಶಾಲೆಗಳನ್ನು ಕಣ್ಣಾರೆ ನೋಡಿ ವರದಿ ಕೊಡುವ ಸಮಿತಿಯಲ್ಲಿ ಈ ವರ್ಷ ನನ್ನನ್ನೂ ಹಾಕಿದ್ದಾರೆ. ನಿಮಗೆ ವಯಸ್ಸಾಯಿತು ಎಂಬುದನ್ನು ನಮ್ಮ ಇಲಾಖೆ ಹೀಗೆ ಮರ್ಯಾದೆಯಿಂದ ತಿಳಿಸುತ್ತದೆ.

ನನ್ನ ಮೊದಲ ನೌಕರಿ ಕೊಳಕೂರದ ಆಚೆಯ ಒಂದು ಸಣ್ಣ ಊರಿನ ಸರಕಾರಿ ಶಾಲೆಯಲ್ಲಿ. ಏಳನೆಯ ತರಗತಿಯವರೆಗೆ ಮಾತ್ರ ಇತ್ತು. ಅಲ್ಲಿ ಹೆಡ್ ಸರ್ ದೊಡ್ಡ ಮೈಕಟ್ಟಿನವರು, ದೊಡ್ಡ ಮೀಸೆಯವರು. ಜೇವರ್ಗಿಯಿಂದ ಅಂಥದೇ ಸ್ಕೂಟರಿನಲ್ಲಿ ಬಂದು ಹತ್ತು ಗಂಟೆಗೆ ಸರಿಯಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಪ್ರಾರ್ಥನೆ ಮುಗಿಯುವುದೇ ತಡ, ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಇಡೀ ನೌಕರಿಯಲ್ಲಿ ಒಂದು ದಿನವೂ ತಡವಾಗಿ ಬಂದವನಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಬಂದ ಮೇಲೆ ಎಚ್ಚರವಾಗಿದ್ದದ್ದು ಎಷ್ಟು ದಿನ ಎಂಬುದು ಬೇರೆ ಮಾತು. ಆದರೆ ಯಾರಿಗೂ ಕೇಡು ಬಗೆದವರಲ್ಲ. ಮಕ್ಕಳನ್ನು ಹೊಡೆಯುತ್ತಿರಲಿಲ್ಲ, ನಮ್ಮನ್ನು ಬಯ್ಯುತ್ತಿರಲಿಲ್ಲ. ಎರಡಕ್ಕೂ ಎಚ್ಚರವಿರಬೇಕಲ್ಲ.

ಅವರಿಗಿದ್ದ ಸಂಕಟ ಒಂದೇ. ಆಳಂದದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಅವರ ಹೆಂಡತಿಯ ತಮ್ಮನಿಗೆ ಜಿಲ್ಲಾ ಉತ್ತಮ ಶಿಕ್ಷಕ ಪ್ರಶಸ್ತಿ ಬಂದಿತ್ತು. ಶಾಲು, ಹಾರ, ಪೇಟ ಎಲ್ಲ ಹಾಕಿಕೊಂಡು ತಮ್ಮ ಪ್ರಶಸ್ತಿ ತೆಗೆದುಕೊಳ್ಳುತ್ತಿರುವ ಫೋಟೋವನ್ನು ಅಕ್ಕ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ತನ್ನ ಮನೆಯ ಪಡಸಾಲೆಯಲ್ಲೇ ತೂಗುಹಾಕಿದ್ದರು. ಒಂದು ದಿನ ಹೆಡ್ ಸರ್ ನನ್ನೆದುರು ಹೊಟ್ಟೆಯಲ್ಲಿದ್ದ ಮಾತನ್ನು ಹೊರಗೆ ಹಾಕಿದರು.

"ಟೀಚರ್, ನಾ ಊಟಕ್ಕ ಕುಂತ್ರ ಅಂವ ಗ್ವಾಡಿ ಮ್ಯಾಲಿಂದ ನನ್ನ ತಾಟ ನೋಡತಾನ್ರಿ. ಒಂದ್ ರೊಟ್ಟಿ ಹೆಚ್ಚಿಗಿ ಹಾಕಸ್ಕೊಳ್ಳಾಕ ನಾಚಿಕಿ ಬರ್ತದ."

ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆ ಗೋಡೆಯ ಮೇಲೆ ತಮ್ಮದೂ ಒಂದು ಫೋಟೋ ತೂಗುಬೀಳಬೇಕಾದರೆ ಆ ವರ್ಷವೇ ಆಗಬೇಕಿತ್ತು. ಗಾಣಗಾಪುರದ ದತ್ತನಿಗೆ ಹರಕೆಯನ್ನೂ ಹೊತ್ತರು. ಆದರೆ ನಮ್ಮ ಪ್ರಶಸ್ತಿ ದೇವರ ಕೈಯಲ್ಲಿಲ್ಲ. ನಾನು ಉತ್ತಮ ಶಿಕ್ಷಕನಿದ್ದೇನೆ ಎಂದು ನಾವೇ ಅರ್ಜಿ ಬರೆದು, ಸಾಕ್ಷಿಗೆ ಫೋಟೋ ಅಂಟಿಸಿ, ಫೈಲು ಮಾಡಿ ಕೊಡಬೇಕು. ಹೆಣ್ಣು ಕೊಡಲು ಬಂದವರ ಮುಂದೆ ವರನೇ ನಿಂತು ತನ್ನ ಗುಣಗಾನ ಮಾಡಿಕೊಂಡಂತೆ. ಫೈಲು ದಪ್ಪ ಇರಬೇಕೆಂದು ಆಳಂದದ ಭಾವಮೈದುನ ಫೋನಿನಲ್ಲಿ ಉಪದೇಶವನ್ನೂ ಕೊಟ್ಟಿದ್ದ. ಹೆಡ್ ಸರ್ ಬಳಿ ಇದ್ದದ್ದು ಒಂದೇ ಫೋಟೋ, ಅದೂ ಗುರುತಿನ ಚೀಟಿಯದು.

ಇಡೀ ಶಾಲೆಯಲ್ಲಿ ಒಳ್ಳೆಯ ಕ್ಯಾಮೆರಾದ ಮೊಬೈಲು ನನ್ನೊಬ್ಬಳ ಬಳಿ ಇತ್ತು. ಹೀಗಾಗಿ ಫೋಟೋ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೊದಲನೆಯದು ಸಸಿ ನೆಡುವುದು. ಸರ್ ಬೇವಿನ ಸಸಿ ಹಿಡಿದು ಕೂತು ಮೀಸೆ ತೀಡಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಬಂದ ಆಡು ತುದಿ ಕಚ್ಚಿಕೊಂಡು ಹೋಯಿತು. ಕಡ್ಡಿಯನ್ನೇ ನೆಟ್ಟು ಫೋಟೋ ಹೊಡೆದೆವು. ಎರಡನೆಯದು ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸುವುದು. ಸರ್ ತಂಬಿಗೆ ಹಿಡಿದು ನೀರು ಹಾಕಿದರು, ನಾನು ಫೋಟೋ ಹೊಡೆದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮಕ್ಕಳು ಹಾಗೆ ತಿಳಿಯಲಿಲ್ಲ. ಮರುದಿನ ಊಟದ ಗಂಟೆ ಹೊಡೆದ ಕೂಡಲೇ ಎಲ್ಲರೂ ಸರ್ ಕುರ್ಚಿಯ ಮುಂದೆ ಕೈ ಚಾಚಿ ಸಾಲಾಗಿ ನಿಂತರು. ಅವರು ಒಂದು ಕಣ್ಣು ತೆರೆದು ನೋಡಿದರು, ಮುಚ್ಚಿದರು, ಮತ್ತೆ ತೆರೆದರು. ಸಾಲು ಕದಲಲಿಲ್ಲ. ಅಂದಿನಿಂದ ದಿನಾಲೂ ಅವರೇ ನೀರು ಹಾಕಬೇಕಾಯಿತು.

ಮೂರನೆಯದು, ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗಿ ಪಾಲಕರ ಮನವೊಲಿಸುವ ಫೋಟೋ. ಅದಕ್ಕೆ ಬಳೆ ಮಾರುವ ಚಾಚಿಯ ಮನೆ ಆರಿಸಿದೆವು. ಆರಿಸಿದ ಕಾರಣ ಕೇಳಿದರೆ ನಗುತ್ತೀರಿ. ಆಕೆಯ ಬಾಗಿಲಿಗೆ ಹೊಸ ನೀಲಿ ಬಣ್ಣ ಬಳಿದಿದ್ದರು, ಬೆಳಗಿನ ಬಿಸಿಲು ಅದರ ಮೇಲೆ ಚೆನ್ನಾಗಿ ಬೀಳುತ್ತಿತ್ತು. ಆ ಮನೆಯ ಹುಡುಗಿ ನಮ್ಮಲ್ಲೇ ಏಳನೆಯದು ಮುಗಿಸಿ, ಹೈಸ್ಕೂಲು ದೂರವೆಂದು ಒಂದು ವರ್ಷದಿಂದ ಮನೆಯಲ್ಲಿ ಕೂತಿದ್ದು ನನಗೆ ಗೊತ್ತಿತ್ತು. ಸರ್‌ಗೆ ಗೊತ್ತಿದ್ದದ್ದು ಬಾಗಿಲಿನ ಬಣ್ಣ ಮಾತ್ರ.

"ಸರ್, ಸುಮ್ನ ನಿಂತ್ರ ಫೋಟೋ ಜೀವ ಇಲ್ದಂಗ ಬರ್ತದ. ಏನರೆ ಮಾತಾಡ್ರಿ," ಎಂದೆ.

ಸರ್ ಕೈಮುಗಿದರು. "ಚಾಚಿ, ನಿಮ್ಮ ಹುಡುಗಿನ ಸಾಲಿಗಿ ಕಳಸ್ರಿ. ಅಕಿ ಜವಾಬ್ದಾರಿ ನಂದು."

ಮೊಬೈಲು ಅಲುಗಿ ಫೋಟೋ ಕೆಟ್ಟಿತು. ಇನ್ನೊಮ್ಮೆ ಹೇಳಿಸಿದೆ. ಆಗ ಎಮ್ಮೆಯೊಂದು ಅಡ್ಡ ಬಂತು. ಮತ್ತೊಮ್ಮೆ ಹೇಳಿದರು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಅವರ ಲೆಕ್ಕದಲ್ಲಿ ಊರಿನ ಹೆಡ್ ಮಾಸ್ತರರು ಬಡವರ ಬಾಗಿಲಲ್ಲಿ ಕೈಮುಗಿದು, ಒಂದೇ ಮಾತನ್ನು ಮೂರು ಸಲ ಆಣೆಯಿಟ್ಟಂತೆ ಹೇಳಿದ್ದರು. ಚಾಚಿಯ ಕಣ್ಣು ತುಂಬಿ ಬಂದವು.

"ಸರ್, ಬಸ್ಸಿನ ಭರೋಸಾ ಇಲ್ಲಂತ ಹುಡುಗಿನ ಮನ್ಯಾಗ ಕುಂಡ್ರಿಸಿದ್ದೆ. ಇಷ್ಟ್ ದೊಡ್ಡ ಮನಶ್ಯಾ ನನ್ನ ಬಾಗಲಿಗಿ ಬಂದು ಜಿಮ್ಮೇದಾರಿ ತಗೋತೇನಿ ಅಂದ್ರ ನಂದೇನ್ ಅದರಿ? ಬಾಯಿ ತೆರೀರಿ."

ಒಳಗೆ ಹೋಗಿ ಚಿಟಿಕೆ ಸಕ್ಕರೆ ತಂದು ಸರ್ ಬಾಯಿಗೆ ಹಾಕಿಯೇ ಬಿಟ್ಟಳು.

ನಮ್ಮ ಕಡೆ ಸಕ್ಕರೆ ಎಂದರೆ ಸುಮ್ಮನೆ ಅಲ್ಲ. ಹೆಣ್ಣು ಗೊತ್ತು ಮಾಡುವಾಗ ಹಿರಿಯರ ಬಾಯಿಗೆ ಸಕ್ಕರೆ ಬಿತ್ತೆಂದರೆ ಮಾತು ಮುಗಿದಂತೆ. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಸಕ್ಕರೆ ತಿಂದು ಮಾತು ತಿರುಗಿಸಿದವನನ್ನು ಆಮೇಲೆ ಯಾವ ಮದುವೆ ಮಾತುಕತೆಗೂ ಕರೆಯುವುದಿಲ್ಲ. ಹೆಡ್ ಸರ್‌ಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಆದರೆ ಸಿಹಿ ಕಂಡರೆ ಅವರ ಬಾಯಿ ಬುದ್ಧಿಗಿಂತ ಮೊದಲು ತೆರೆದುಕೊಳ್ಳುತ್ತಿತ್ತು. ನಾನು ಆ ಹೊತ್ತಿಗೇ ಸರಿಯಾಗಿ ಒತ್ತಿದೆ. ಫೈಲಿನಲ್ಲಿ ಅದಕ್ಕಿಂತ ಚೆಂದದ ಫೋಟೋ ಇನ್ನೊಂದಿರಲಿಲ್ಲ.

ಹುಡುಗಿಯನ್ನು ಹೈಸ್ಕೂಲಿಗೆ ಸೇರಿಸಿ ಬಂದದ್ದೂ ಅವರೇ. ಅದೂ ಫೈಲಿಗೆ ಬರುತ್ತದೆಂಬ ಆಸೆಯಿಂದ. ಮರುದಿನ ಬೆಳಿಗ್ಗೆ ಆಕೆ ಹೊಸ ಸಮವಸ್ತ್ರದಲ್ಲಿ ಬಂದು ಅವರ ಕುರ್ಚಿಯ ಮುಂದೆ ನಿಂತಳು.

"ಸರ್, ಬಸ್ ಬಂದಿಲ್ರಿ. ಅಮ್ಮಿ ನಿಮಗ ಹೇಳಂತ ಹೇಳ್ಯಾಳ."

ಸರ್ ನನ್ನನ್ನು ಮೂಲೆಗೆ ಕರೆದು ಕೇಳಿದರು. "ಟೀಚರ್, ನಾ ಅವತ್ತ ಏನಂದೆ?"

"ಜವಾಬ್ದಾರಿ ನಂದು ಅಂದ್ರಿ ಸರ್."

"ಅದು ಫೋಟೋಕ್ಕ ಅಂದಿದ್ದೆ."

"ಸಕ್ರಿ ತಿಂದ್ರಲ್ಲ ಸರ್."

ಸರ್ ಮೀಸೆ ತಡವಿಕೊಂಡರು. ಆಮೇಲೆ ಸ್ಕೂಟರಿನ ಕೀಲಿ ತೆಗೆದುಕೊಂಡರು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು ಎಂದು ನನಗೆ ಕೇಳುವ ಹಾಗೆಯೇ ಗೊಣಗಿದರು.

ಅಲ್ಲಿಂದ ಅವರ ದಿನಚರಿಯೇ ಬದಲಾಯಿತು. ಎಂಟೂವರೆಗೆಲ್ಲ ಊರ ಕ್ರಾಸಿಗೆ ಬಂದು ನಿಲ್ಲುವುದು, ಬಸ್ಸು ಬಂದರೆ ತಡವಾಯಿತೆಂದು ಡ್ರೈವರನ ಜೊತೆ ಜಗಳ, ಬರದಿದ್ದರೆ ಸ್ಕೂಟರು. ಬಳೆ ಮಾರುವವಳ ಬಾಯಿಗೆ ಬಿದ್ದ ಸುದ್ದಿ ಎಷ್ಟು ಹೊತ್ತು ನಿಂತೀತು? ಬಳೆಯ ಮಲಾರ ಹೊತ್ತು ಚಾಚಿ ಹೋದ ಮನೆಯಲ್ಲೆಲ್ಲ ಹೆಡ್ ಸರ್ ಗುಣಗಾನ. ಇನ್ನಿಬ್ಬರು ತಾಯಂದಿರು ತಮ್ಮ ಹುಡುಗಿಯರನ್ನು ಮುಂದೆ ಮಾಡಿಕೊಂಡು ಬಂದರು, ಕೈಯಲ್ಲಿ ಸಕ್ಕರೆ ಸಮೇತ. ಆಮೇಲಾಮೇಲೆ ಯಾವುದೇ ಹೆಂಗಸು ಮುಷ್ಟಿ ಕಟ್ಟಿಕೊಂಡು ಎದುರು ಬಂದರೆ ಸಾಕು, ಸರ್ ಬಾಯಿ ಬಿಗಿ ಹಿಡಿದು ಬೇರೆ ಓಣಿ ಹಿಡಿಯುತ್ತಿದ್ದರು.

ಸ್ಕೂಟರಿನ ಕುಲುಕಾಟಕ್ಕೋ ಏನೋ ಅವರ ನಿದ್ದೆ ಹಾರಿಹೋಯಿತು. ಎಚ್ಚರವಿದ್ದ ಮನುಷ್ಯ ಏನಾದರೂ ಮಾಡಬೇಕಲ್ಲ, ಐದನೆಯ ತರಗತಿಗೆ ಹೋಗಿ ಲೆಕ್ಕ ಕಲಿಸತೊಡಗಿದರು. ಜೋಳದ ರೊಟ್ಟಿ ಮುರಿದು ಅರ್ಧ, ಕಾಲು, ಮುಕ್ಕಾಲು ಹೇಳಿಕೊಟ್ಟು, ಕೊನೆಗೆ ಲೆಕ್ಕವನ್ನೆಲ್ಲ ಮಕ್ಕಳಿಗೆ ತಿನ್ನಿಸಿಬಿಡುತ್ತಿದ್ದರು. ಅವರಿಗೆ ಇಷ್ಟು ಚೆನ್ನಾಗಿ ಕಲಿಸಲು ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಅವರಿಗೂ ಮರೆತುಹೋಗಿತ್ತೇನೋ... ಆ ದಿನಗಳಲ್ಲಿ ನನಗೆ ಅವರ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತು. ಸುಳ್ಳು ಫೈಲು ಮಾಡಲು ಹೋಗಿ ಮನುಷ್ಯ ಹೀಗೆ ಸಿಕ್ಕಿಬೀಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಫೈಲು ಮೇಲೆ ಹೋಯಿತು. ಸಮಿತಿ ಯಾವ ದಿನ ಬಂದೀತೋ ಎಂದು ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಶಾಲೆಯ ಕಪಾಟಿನಲ್ಲೇ ಇಟ್ಟಿದ್ದರು. ಮಕ್ಕಳಿಗೆ ಸ್ವಾಗತಗೀತೆ ಕಲಿಸಿದ್ದೆವು. ಒಂದು ದಿನ ಮಳೆಗೆ ಬಸ್ಸಿನ ದಾರಿಯ ಹಳ್ಳ ತುಂಬಿ ಬಂದು ಬಸ್ಸು ಬರಲಿಲ್ಲ. ಹುಡುಗಿಯರಿಗೆ ಪರೀಕ್ಷೆ ಇತ್ತು. ಮೂವರೂ ಒಮ್ಮೆಗೇ ಸ್ಕೂಟರಿನಲ್ಲಿ ಹಿಡಿಯುವುದಿಲ್ಲವೆಂದು ಸರ್ ಹೊಲದ ದಾರಿ ಹಿಡಿದು ಎರಡು ಸಲ ಓಡಾಡಬೇಕಾಯಿತು. ಅವರು ಎರಡನೆಯ ಸಲ ಹೋದಾಗ, ಹೇಳದೆ ಕೇಳದೆ ಸಮಿತಿಯ ಜೀಪು ಬಂದು ನಿಂತಿತು.

ಹಿರಿಯ ಅಧಿಕಾರಿ ಖಾಲಿ ಕುರ್ಚಿ ನೋಡಿ ಗಡಿಯಾರ ನೋಡಿದರು. ಸರ್ ಹುಡುಗಿಯರನ್ನು ಹೈಸ್ಕೂಲಿಗೆ ಬಿಡಲು ಹೋಗಿದ್ದಾರೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

"ಅವರು ನಿಮ್ಮ ಸಾಲಿ ಮಕ್ಕಳೇನ್ರಿ?"

"ಅಲ್ರಿ ಸರ್, ಹೈಸ್ಕೂಲಿನವ್ರು."

"ಮತ್ತ ಬ್ಯಾರೆ ಸಾಲಿ ಮಕ್ಕಳ್ನ ಬಿಡಾಕ ನಿಮ್ಮ ಹೆಡ್ ಮಾಸ್ತರು ಡ್ಯೂಟಿ ಟೈಮಿನ್ಯಾಗ ಯಾಕ ಹೋಗ್ಯಾರ?"

ಸಕ್ಕರೆ ತಿಂದಿದ್ದಾರೆ ಎಂದು ಹೇಳಲಾಗುತ್ತದೆಯೇ? ಹೇಳಿಯೂ ನೋಡಿದೆ. ಅವರು ಇನ್ನಷ್ಟು ಗಂಭೀರರಾದರು. ಒಂದರ್ಧ ತಾಸು ಕಾಯಿರಿ ಎಂದು ಕೈಮುಗಿದೆ. ಇನ್ನೂ ಎರಡು ಶಾಲೆ ನೋಡಿ ಊಟಕ್ಕೆ ಹೋಗಬೇಕಿತ್ತಂತೆ. ಸ್ವಾಗತಗೀತೆಗೆ ಬಾಯಿ ತೆರೆದಿದ್ದ ಮಕ್ಕಳು ತೆರೆದ ಹಾಗೆಯೇ ಉಳಿದರು. ಮುಖ್ಯ ಗುರುಗಳು ಶಾಲಾ ಸಮಯದಲ್ಲಿ ಗೈರು ಎಂದು ಬರೆದುಕೊಂಡು, ಚಹಾ ಕುಡಿದು ಹೋದರು. ಎಂದೂ ಗೈರಾಗದೆ ಕುರ್ಚಿಯಲ್ಲಿ ಮಲಗಿದ್ದ ಮನುಷ್ಯ, ಎಚ್ಚರಗೊಂಡ ಮೇಲೆ ಗೈರಾಗಿ ಸಿಕ್ಕಿಬಿದ್ದಿದ್ದರು.

ಜೀಪು ಹೋದ ಸ್ವಲ್ಪ ಹೊತ್ತಿಗೆ ಸ್ಕೂಟರು ಬಂತು. ಸರ್ ಮೈತುಂಬ ಕೆಸರು. ಮೇಜಿನ ಮೇಲಿನ ಖಾಲಿ ಕಪ್ಪುಗಳನ್ನು ನೋಡಿದರು, ನಮ್ಮ ಮುಖ ನೋಡಿದರು. ಎಲ್ಲ ತಿಳಿಯಿತು.

"ಚಹಾ ಛೊಲೊ ಇತ್ತಂದ್ರೇನು?" ಎಂದರು.

ಅಷ್ಟು ಹೇಳಿ ಕುರ್ಚಿಯಲ್ಲಿ ಕೂತರು. ನಿದ್ದೆ ಬರಲಿಲ್ಲ. ಸಂಜೆಯ ಹೊತ್ತಿಗೆ ಸಿಟ್ಟು ಬಂತು. ಚಾಚಿಗೆ, ಬಸ್ಸಿಗೆ, ಹಳ್ಳಕ್ಕೆ, ಆಳಂದಕ್ಕೆ, ನನ್ನ ಮೊಬೈಲಿಗೆ, ಎಲ್ಲದಕ್ಕೂ ಮಂಗಳಾರತಿಯಾಯಿತು. "ಸಾಕ್ರಿ ಟೀಚರ್. ನಾಳಿಂದ ಯಾರನ್ನೂ ಬಿಡಾಂಗಿಲ್ಲ. ಒಂದ್ ಚಿಮಟಿ ಸಕ್ರಿಗಿ ಎಷ್ಟ್ ದಿವಸ ದುಡೀಬೇಕು?"

ಮರುದಿನ ನಾನು ಬರುವಾಗ ಕ್ರಾಸಿನಲ್ಲಿ ಬಸ್ಸು ನಿಂತಿತ್ತು. ಡ್ರೈವರನ ಕಿಟಕಿಯ ಕೆಳಗೆ ಹೆಡ್ ಸರ್ ನಿಂತು ಕೂಗಾಡುತ್ತಿದ್ದರು. ಹಿಂದಿನ ಬಾಗಿಲಿನಿಂದ ಮೂವರು ಹುಡುಗಿಯರು ನಗುತ್ತ ಹತ್ತುತ್ತಿದ್ದರು.

ಆ ವರ್ಷದ ಪ್ರಶಸ್ತಿ ಅಫಜಲಪುರದ ಕಡೆಯ ಒಬ್ಬ ಶಿಕ್ಷಕರಿಗೆ ಹೋಯಿತು. ಒಳ್ಳೆಯವರೇ, ಬೇಡ ಎನ್ನುವಂತಿಲ್ಲ. ನಮ್ಮ ಸರ್ ನಿವೃತ್ತಿಯಾಗುವವರೆಗೂ ಕ್ರಾಸಿಗೆ ಹೋಗುವುದನ್ನು ಬಿಡಲಿಲ್ಲ, ಬಯ್ಯುವುದನ್ನೂ ಬಿಡಲಿಲ್ಲ. ಆಮೇಲೆ ನನಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದೆ, ಗೋಡೆಯ ಮೇಲಿನ ಭಾವಮೈದುನ ಹೇಗಿದ್ದಾನೆ ಎಂದು ಕೇಳುತ್ತಿದ್ದೆ. ಹೋದ ವರ್ಷ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ, ಸಂಬಳ ಯಾವಾಗ ಆಗುತ್ತದೆ ಎಂಬ ಪ್ರಶ್ನೆಗೂ ರಜೆಯ ಆದೇಶಕ್ಕೂ ನಡುವೆ, ಅವರು ತೀರಿಕೊಂಡ ಸುದ್ದಿ ಬಂದಿತ್ತು. ನಾನು ನೋಡುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಜೀಪು ಯಡ್ರಾಮಿ ದಾಟಿ ಆ ಶಾಲೆ ಮುಟ್ಟಿದಾಗ ಹನ್ನೊಂದು ಗಂಟೆ. ಮುಖ್ಯ ಗುರುಗಳ ಕುರ್ಚಿ ಖಾಲಿ. ಜೊತೆಗಿದ್ದವರು, "ಗೈರು ಅಂತ ಬರದು ನಡೀರಿ ಮೇಡಂ, ಬಿಸಲಾಗತದ," ಎಂದರು. ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. ಅವರು ಬರುವವರೆಗೆ ನಾನು ಏಳುವುದಿಲ್ಲ, ಏನು ಕಾರಣಕ್ಕೆ ಹೋಗಿದ್ದಾರೋ ಯಾರಿಗೆ ಗೊತ್ತು ಎಂದು ಗಟ್ಟಿಯಾಗಿ ಹೇಳಿ ಕೂತೆ. ಊಟದ ಹೊತ್ತಾಯಿತು. ಮಕ್ಕಳು ಸ್ವಾಗತಗೀತೆಯನ್ನು ಎರಡು ಸಲ ಹಾಡಿ ದಣಿದರು. ಕೊನೆಗೆ ಆ ಮನುಷ್ಯ ಓಡೋಡುತ್ತ ಬಂದ. ನಾವು ಬರುವ ಸುಳಿವು ಹತ್ತಿ, ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಕಟಿಂಗ್ ಮಾಡಿಸಿಕೊಳ್ಳಲು ಹೋಗಿದ್ದನಂತೆ. ಕೊರಳಿಗೆಲ್ಲ ಪೌಡರು ಬಳಿದುಕೊಂಡು ಬಂದಿದ್ದ.

ಜೊತೆಗಿದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಅಂದು ನಮ್ಮ ಸರ್‌ಗಾಗಿ ಯಾರೂ ಅರ್ಧ ತಾಸು ಕಾಯಲಿಲ್ಲ. ಈಗ ನಾನು ಎಷ್ಟು ಹೊತ್ತು ಕಾದು ಕೂತರೂ ಅವರು ಬರುವವರಲ್ಲ.