ಕಾರ್ಡಿಗೆ ಅರ್ಜಿ ಹಾಕುವ ತಿಂಗಳು

ಎರಡು ಸಾವಿರದ ಆರೋ ಏಳೋ, ಖಚಿತವಾಗಿ ಹೇಳಲಾರೆ. ಹೆಂಡತಿ ಆರು ಎನ್ನುತ್ತಾಳೆ. ಆ ವರ್ಷ ನಮ್ಮ ರವೀಂದ್ರನಗರದ ಬಾಡಿಗೆ ಮನೆಗೆ ಬಣ್ಣ ಹೊಡೆಸಿದ್ದು ಅವಳಿಗೆ ನೆನಪಿದೆಯಂತೆ. ನನಗೆ ಬಣ್ಣ ನೆನಪಿಲ್ಲ. ನೆನಪಿರುವುದು ಕಾಲೇಜಿನ ಸ್ಟಾಫ್ ರೂಮಿನ ಮೇಜಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಒಂದು ಹೊಳಪು ಕಾಗದ. ಅದರಲ್ಲಿ ಒಂದು ದುಬಾರಿ ಕ್ರೆಡಿಟ್ ಕಾರ್ಡಿನ ಜಾಹೀರಾತಿತ್ತು. ಕಾರ್ಡು ಕೈಗೆ ಬಂದ ಮೂರು ತಿಂಗಳೊಳಗೆ ಇಂತಿಷ್ಟು ಖರ್ಚು ಮಾಡಿದರೆ ವಿಮಾನದ ಟಿಕೆಟ್ಟಿಗೆ ಸಾಲುವಷ್ಟು ಪಾಯಿಂಟು ಕೊಡುತ್ತೇವೆ ಎಂದಿತ್ತು.

ಇಂಥ ಕಾಗದಗಳನ್ನು ನಾನು ಓದುತ್ತಿದ್ದುದು ತಪ್ಪು ಹುಡುಕುವುದಕ್ಕೆ. ಸಂಖ್ಯಾಶಾಸ್ತ್ರ ಕಲಿಸುವವನು, ಪುಕ್ಕಟೆ ಎಂಬ ಮಾತು ಕಂಡರೆ ಕಣ್ಣು ತಾನಾಗಿ ಪುಟದ ಕೆಳಗಿನ ಸಣ್ಣ ಅಕ್ಷರಗಳಿಗೆ ಇಳಿಯುತ್ತಿತ್ತು. ಓದಿ ನಕ್ಕು ಕಸದ ಬುಟ್ಟಿಗೆ ಹಾಕುವುದು ರೂಢಿ. ಅದೊಂದನ್ನು ಮಾತ್ರ ಮಡಚಿ ಜೇಬಿಗೆ ಹಾಕಿಕೊಂಡೆ. ಅದಕ್ಕೆ ಕಾರಣ ಭದ್ರಾವತಿಯ ಅಕ್ಕ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಾನು ಬೆಳೆಯುವಾಗ ಪಕ್ಕದ ಮನೆಯಲ್ಲಿದ್ದ ತಮಿಳು ಹೆಂಗಸು. ಅವರ ಗಂಡ ಎರಕದ ಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು, ಕಿವಿ ಮಂದ. ನನ್ನ ತಾಯಿ ಶಾಲೆಗೆ ಪಾಠ ಮಾಡಲು ಹೋದರೆ ಸಂಜೆಯ ತನಕ ನಾನು ಅಕ್ಕನ ಮನೆಯವನು. ನನಗೆ ಇಡ್ಲಿ ತಿನ್ನಲು ಕಲಿಸಿದ್ದೂ ಬಯ್ಯಲು ಕಲಿಸಿದ್ದೂ ಅವರೇ. ಎಂ.ಎಸ್ಸಿ. ಪ್ರವೇಶಕ್ಕೆ ನಾನು ಮೊದಲ ಸಲ ಮೈಸೂರಿಗೆ ಹೊರಟಾಗ ಅಮ್ಮನಿಗೆ ಕಾಮಾಲೆ. ಜೊತೆಗೆ ಬಂದವರು ಅಕ್ಕ. ನನ್ನ ಸರ್ಟಿಫಿಕೇಟುಗಳನ್ನು ಮುರುಕಿನ ಡಬ್ಬಿಯಲ್ಲಿಟ್ಟುಕೊಂಡು, ವಿಶ್ವವಿದ್ಯಾಲಯದ ಒಂದು ಮರದ ಕೆಳಗೆ ದಿನವಿಡೀ ಕೂತಿದ್ದರು. ಆ ಮರ ನನ್ನ ಕಣ್ಣ ಮುಂದೆ ಇದೆ.

ಇದನ್ನು ಒಮ್ಮೆ ಅವರೆದುರು ಹೇಳಿದೆ. ಅವರು ಜೋರಾಗಿ ನಕ್ಕರು.

"ಅಯ್ಯೋ, ನಾನು ಯಾವ ಮೈಸೂರಿಗೂ ಬಂದಿಲ್ಲ ಕಣ್ಣಾ. ಶಿವಮೊಗ್ಗ ಬಸ್‌ಸ್ಟ್ಯಾಂಡ್ ತನಕ ಬಂದೆ, ಅಷ್ಟೇ. ಮೈಸೂರಿಗೆ ನಿನ್ನ ಮಾವ ಬಂದಿದ್ದು, ನಮ್ಮ ಮನೆಯವರು."

"ಡಬ್ಬಿ?"

"ಡಬ್ಬಿ ನಂದೇ. ವಾಪಸ್ ಕೊಡಲಿಲ್ಲ ನೀನು."

ಅಂದಿನಿಂದ ನನಗೆ ಆ ಮರದ ಮೇಲೂ ನಂಬಿಕೆ ಹೋಯಿತು. ಆಗದೇ ಇದ್ದುದಕ್ಕೆ ಇಷ್ಟು ವರ್ಷ ಕೃತಜ್ಞನಾಗಿದ್ದೆನೇ ಎಂದು ಯೋಚಿಸಿದ್ದುಂಟು. ಹಾಗೆಂದು ಕೃತಜ್ಞತೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅದೇಕೆ ಎಂಬುದಕ್ಕೆ ನನ್ನ ಶಾಸ್ತ್ರದಲ್ಲಿ ಸೂತ್ರವಿಲ್ಲ.

ಅಕ್ಕನಿಗೆ ಒಬ್ಬರೇ ಒಡಹುಟ್ಟು, ದೊಡ್ಡಕ್ಕ. ಮದುವೆಯಾಗಿ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋದವರು. ಇಬ್ಬರೂ ಮುಖ ನೋಡಿ ಮೂವತ್ತು ವರ್ಷವಾಗಿತ್ತು. ಹಡಗಿನಲ್ಲಿ ಹೋದರೆ ಮೂರು ದಿನ. ಸುನಾಮಿ ಬಂದ ಮೇಲೆ ಅಕ್ಕ ಹಡಗಿನ ಮಾತೆತ್ತಿದರೆ ಕೈ ಮುಗಿಯುತ್ತಿದ್ದರು. ವಿಮಾನದ ಟಿಕೆಟ್ಟು ನಾನು ತೆಗೆಸಿಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. "ನಿನ್ನ ದುಡ್ಡಲ್ಲಿ ಹೋಗಿ ಅವಳ ಮನೇಲಿ ಕೂತರೆ ಅನ್ನ ಗಂಟಲಲ್ಲಿ ಇಳಿಯಲ್ಲ ಪಾ." ಪಾಯಿಂಟಿನ ವಿಷಯ ಹೇಳಿದಾಗ ಮಾತ್ರ ಕಣ್ಣು ಕಿರಿದು ಮಾಡಿ ಕೇಳಿದರು: "ಪುಕ್ಕಟೆನಾ?" ಪುಕ್ಕಟೆ ಎಂದೆ. ಕಾರ್ಡಿನ ವಾರ್ಷಿಕ ಶುಲ್ಕದ ವಿಷಯ ಹೇಳಲಿಲ್ಲ. "ಹಾಗಾದ್ರೆ ಸರಿ," ಎಂದರು.

ಇನ್ನು ಉಳಿದದ್ದು, ಅರ್ಜಿ ಯಾವಾಗ ಹಾಕುವುದು ಎಂಬುದು. ಇಲ್ಲಿ ನನ್ನ ವಿದ್ಯೆ ಅಡ್ಡ ಬಂತು. ಗ್ರಾಫ್ ಹಾಳೆಯೊಂದರ ಮೇಲೆ ತಿಂಗಳುಗಳನ್ನು ಬರೆದೆ. ಕಾರ್ಡು ಬಂದ ದಿನದಿಂದ ಮೂರು ತಿಂಗಳ ಗಡಿಯಾರ ಓಡತೊಡಗುತ್ತದೆ. ಆ ಮೂರು ತಿಂಗಳಲ್ಲಿ ನನ್ನ ಎರಡು ತಿಂಗಳ ಸಂಬಳಕ್ಕೂ ಹೆಚ್ಚು ಮೊತ್ತವನ್ನು ಕಾರ್ಡಿನಲ್ಲೇ ಖರ್ಚು ಮಾಡಬೇಕು. ಆಗಿನ ಶಿವಮೊಗ್ಗದಲ್ಲಿ ತರಕಾರಿಯವಳೂ ಹಾಲಿನವನೂ ಬಾಡಿಗೆಯ ಮಾಲೀಕರೂ ಕಾರ್ಡು ತೆಗೆದುಕೊಳ್ಳುತ್ತಾರೆಯೇ? ಉಜ್ಜುವ ಯಂತ್ರ ಇದ್ದದ್ದು ಕೆಲವು ದೊಡ್ಡ ಅಂಗಡಿಗಳಲ್ಲಿ, ಒಂದೆರಡು ಪೆಟ್ರೋಲ್ ಬಂಕಿನಲ್ಲಿ. ಹಾಗಾಗಿ ದೊಡ್ಡ ಖರ್ಚಿರುವ ತಿಂಗಳು ಬೇಕು. ಮಾರ್ಚಿನಲ್ಲಿ ನಾದಿನಿಯ ಮದುವೆ, ಸೀರೆಗಳೆಲ್ಲ ನಾವೇ ತೆಗೆಯಬೇಕು. ಜನವರಿಯಲ್ಲಿ ಅರ್ಜಿ ಹಾಕಿದರೆ ಎಲ್ಲವೂ ಸರಿಹೊಂದುತ್ತದೆ. ಗಣೇಶನ ಹಬ್ಬದ ಹೊತ್ತಿಗೇ ಇಷ್ಟೆಲ್ಲ ತೀರ್ಮಾನಿಸಿ ಹಾಳೆಯನ್ನು ಗೋಡೆಗೆ ಅಂಟಿಸಿ ತೃಪ್ತನಾದೆ.

ಹಬ್ಬ ಕಳೆದು ವಾರಕ್ಕೆ ಅಕ್ಕ ಭದ್ರಾವತಿಯಿಂದ ಬಸ್ಸು ಹತ್ತಿ ಮನೆಗೆ ಬಂದರು. ಕೈಯಲ್ಲಿ ತಮಿಳಿನ ಒಂದು ಇನ್‌ಲ್ಯಾಂಡ್ ಪತ್ರ. ಓದಿ ಕನ್ನಡದಲ್ಲಿ ಹೇಳಿದರು. ದೊಡ್ಡಕ್ಕನ ಕಾಲು ಬಾವು ಬಂದು ಇಳಿಯುತ್ತಿಲ್ಲ. ಡಾಕ್ಟರು ಕಿಡ್ನಿ ಎನ್ನುತ್ತಾರೆ. ಪೊಂಗಲ್ಲಿಗೆ ಬರುತ್ತೀಯಾ?

ನಾನು ಗೋಡೆಯ ಹಾಳೆ ತೋರಿಸಿದೆ. ಜನವರಿಯಲ್ಲಿ ಅರ್ಜಿ, ಮಾರ್ಚಿನಲ್ಲಿ ಖರ್ಚು, ಪಾಯಿಂಟು ಜಮಾ ಆಗಲು ಆರು ವಾರ, ಮೇ ತಿಂಗಳಲ್ಲಿ ಟಿಕೆಟ್ಟು. ಈಗಲೇ ಹಾಕಿದರೆ ಖರ್ಚು ಗುರಿ ಮುಟ್ಟುವುದಿಲ್ಲ, ಪಾಯಿಂಟೂ ಇಲ್ಲ. ತರಗತಿಯಲ್ಲಿ ವಿವರಿಸುವಂತೆ ವಿವರಿಸಿದೆ.

ಅಕ್ಕ ಗೆರೆಗಳನ್ನು ನೋಡಿದರು. "ಚೆನ್ನಾಗಿ ಬರ್ದಿದೀಯ. ನಿನಗೆ ಯಾವಾಗ ಅನುಕೂಲನೋ ಆವಾಗ ಮಾಡು ಪಾ," ಎಂದು ಪತ್ರ ಮಡಚಿಕೊಂಡರು. ಕಾಫಿ ಅರ್ಧಕ್ಕೆ ಬಿಟ್ಟು ಐದು ಗಂಟೆ ಬಸ್ಸಿಗೆ ಹೊರಟರು. ಅವರು ಕಾಫಿ ಬಿಟ್ಟಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಅವರು ಗೇಟು ದಾಟಿದ ಮೇಲೆ ಹೆಂಡತಿ ಲೋಟ ಎತ್ತುತ್ತ ಹೇಳಿದಳು: "ಆ ದೊಡ್ಡಕ್ಕನ ಕಿಡ್ನಿಗೂ ಒಂದು ಕಾಪಿ ಪೋಸ್ಟ್ ಮಾಡಿ. ಮೇ ತಿಂಗಳ ತನಕ ತಡ್ಕೊ ಅಂತ ಗ್ರಾಫಲ್ಲಿದೆ ಅಂತ ಬರೀರಿ."

"ಗುರಿ ಮುಟ್ಟದಿದ್ರೆ ಪಾಯಿಂಟೇ ಬರಲ್ಲ ಮಾರಾಯ್ತಿ. ಆಗ ಯಾವ ತಿಂಗಳೂ ಹೋಗಕ್ಕಾಗಲ್ಲ."

"ಮುಟ್ಟೋದು ಹ್ಯಾಗೆ ಅಂತ ಲೆಕ್ಕ ಹಾಕಿ. ಮುಟ್ಟಲ್ಲ ಅಂತ ಎಷ್ಟು ದಿನ ಲೆಕ್ಕ ಹಾಕ್ತೀರಿ?"

ಮರುದಿನವೇ ಅರ್ಜಿ ತುಂಬಿದೆ. ನಾಚಿಕೆಯಿಂದ ತುಂಬಿದೆ ಎಂದು ಈಗ ಅನಿಸುತ್ತದೆ; ಧೈರ್ಯದಿಂದ ಎಂದು ಬರೆದರೂ ಯಾರೂ ಕೇಳುವವರಿಲ್ಲ. ಅರ್ಜಿಯ ಜೊತೆ ಒಂದು ವರ್ಷದ ಸಂಬಳ ಚೀಟಿ ಬೇಕಿತ್ತು. ಈ ಕಾಲೇಜಿನದು ನನ್ನ ನಾಲ್ಕನೆಯ ಕೆಲಸ. ಅದನ್ನೂ ಬಿಡುವ ಯೋಚನೆಯಲ್ಲಿ ರಾಜೀನಾಮೆ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಬ್ಯಾಂಕಿನವರು ಕಾಲೇಜಿಗೆ ಫೋನು ಮಾಡಿ ವಿಚಾರಿಸುತ್ತಾರೆಂದು ತಿಳಿದು ಅದನ್ನು ಹರಿದು ಹಾಕಿದೆ.

ಕಾರ್ಡು ಬಂದಾಗ ದೀಪಾವಳಿಗೆ ಇನ್ನೆರಡು ವಾರ. ಗಡಿಯಾರ ಓಡತೊಡಗಿತು. ಎರಡು ಸಲ ಪೆಟ್ರೋಲ್ ಹಾಕಿಸಿದೆ, ಹೆಂಡತಿಗೆ ಸೀರೆ, ನನಗೊಂದು ಪ್ಯಾಂಟು. ಗುರಿಯ ಮುಂದೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂರುತ್ತಿದ್ದವರು ಇತಿಹಾಸದ ಮೇಷ್ಟ್ರು. ಕುಂಸಿ ಕಡೆಯವರು, ಭಾನುವಾರ ಬಂದರೆ ಊರಿಗೆ ಹೋಗಿ ಜೋಳದ ಹೊಲಕ್ಕೆ ಇಳಿಯುವವರು. ನನ್ನ ಮುಖ ನೋಡಿ ಕೇಳಿದರು. ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಅಲ್ಲ ಮಾರಾಯ, ನಾನು ಹಬ್ಬಕ್ಕೆ ಫ್ರಿಜ್ ತಗೊಳ್ಬೇಕು ಅಂತ ನೋಟು ಕಟ್ಟಿ ಇಟ್ಟಿದೀನಿ. ಅಂಗಡೀಲಿ ನಿನ್ನ ಕಾರ್ಡು ಉಜ್ಜು. ನೋಟು ನಿನ್ನ ಕೈಗೆ ಕೊಡ್ತೀನಿ, ನೀನು ಬ್ಯಾಂಕಿಗೆ ಕಟ್ಟು. ಫ್ರಿಜ್ ನಂದು, ಪಾಯಿಂಟು ನಿಂದು."

"ಅದು ಸರಿಯಾಗತ್ತಾ ಸಾರ್?"

"ನಮ್ಮ ಕಡೆ ಇದಕ್ಕೆ ಮುಯ್ಯಾಳು ಅಂತೀವಿ. ಇವತ್ತು ನಾನು ನಿನ್ನ ಹೊಲದಲ್ಲಿ ಕಳೆ ತೆಗೀತೀನಿ, ನಾಳೆ ನೀನು ನನ್ನ ಹೊಲಕ್ಕೆ ಬರ್ತೀಯ. ಕೂಲಿ ಗೀಲಿ ಇಲ್ಲ. ನಿನ್ನ ಹೊಲ ಆಕಾಶದಲ್ಲಿದೆ, ಅಷ್ಟೇ ವ್ಯತ್ಯಾಸ."

ಆಳಿಗೆ ಆಳು ಬದಲು ಕೊಡುವ ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಖರ್ಚಿಗೂ ಅದು ಒದಗುತ್ತದೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಮಧ್ಯಾಹ್ನದೊಳಗೆ ಅವರು ಇಡೀ ಸ್ಟಾಫ್ ರೂಮಿಗೆ ಸಾರಿಬಿಟ್ಟರು. ಹಬ್ಬಕ್ಕೆ ಯಾರು ಏನು ಕೊಳ್ಳುತ್ತಿದ್ದರೋ ಅವರೆಲ್ಲ ನನ್ನನ್ನು ಅಂಗಡಿಗೆ ಕರೆದೊಯ್ಯತೊಡಗಿದರು. ಒಬ್ಬರು ಟಿ.ವಿ.ಗೆ, ಒಬ್ಬರು ಮಗಳ ರೇಷ್ಮೆ ಸೀರೆಗೆ, ಲೈಬ್ರರಿಯವರು ಹೊಲಿಗೆ ಯಂತ್ರಕ್ಕೆ. ಗಾಂಧಿ ಬಜಾರಿನ ಸೀರೆ ಅಂಗಡಿಯಾತ ನನ್ನನ್ನು ನಾಲ್ಕನೆಯ ಸಲ, ನಾಲ್ಕನೆಯ ಕುಟುಂಬದ ಜೊತೆ ಕಂಡಾಗ ತಡೆಯಲಾರದೆ ಕೇಳಿದ:

"ಸಾರ್, ಕಾಲೇಜಿನ ಎಲ್ಲಾ ಹೆಣ್ಣುಮಕ್ಕಳ ಮದುವೆ ಜಿಮ್ಮೇದಾರಿ ನಿಮ್ದೇನಾ?"

"ಇವರ ಕಾರ್ಡು ದೇವಸ್ಥಾನದ ಗಂಟೆ ಕಣಯ್ಯಾ, ಯಾರು ಬೇಕಾದ್ರೂ ಹೊಡೀಬಹುದು," ಎಂದರು ಇತಿಹಾಸದ ಮೇಷ್ಟ್ರು. ಆ ಅಂಗಡಿಗೆ ಅವರೇಕೆ ಬಂದಿದ್ದರೋ! ಕೊಳ್ಳುವುದೇನೂ ಇರಲಿಲ್ಲ. ಬಹುಶಃ ಅವರು ಅಲ್ಲಿರಲಿಲ್ಲ, ಬೇರೆಲ್ಲೋ ಆಡಿದ ಮಾತನ್ನು ನಾನು ಅಲ್ಲಿಗೆ ತಂದು ಜೋಡಿಸಿದ್ದೇನೆ.

ಗುರಿ ಮುಟ್ಟಿದ್ದಂತೂ ನಿಜ, ಇನ್ನೂ ಎಂಟು ವಾರ ಉಳಿದಿರುವಾಗಲೇ. ಒಬ್ಬರೂ ಕೊಡಬೇಕಾದ್ದನ್ನು ಒಂದು ದಿನ ತಡ ಮಾಡಲಿಲ್ಲ. ಮುಂದೆ ಒಂದು ಭಾನುವಾರ ಕುಂಸಿಗೆ ಹೋಗಿ ಮುಯ್ಯಿ ತೀರಿಸಲು ಜೋಳದ ತೆನೆ ಮುರಿದೆ. ಹನ್ನೊಂದು ಗಂಟೆಗೇ ಮೇಷ್ಟ್ರು, "ಸಾಕು ಬಾ, ನೀನು ಮುರಿಯೋ ಚೆಂದಕ್ಕೆ ಜೋಳ ಅಳ್ತಿದೆ," ಎಂದು ಮನೆಗೆ ಕಳಿಸಿದರು.

ಡಿಸೆಂಬರಿನಲ್ಲಿ ಪಾಯಿಂಟು ಬಂತು, ಒಬ್ಬರಿಗೆ ಸಾಲುವಷ್ಟು. ಪೊಂಗಲ್ಲಿಗೆ ಎರಡು ದಿನ ಮುಂಚೆ ಹೋಗುವುದಕ್ಕೂ ಇಪ್ಪತ್ತು ದಿನ ಬಿಟ್ಟು ಬರುವುದಕ್ಕೂ ಸೀಟು ಸಿಕ್ಕಿತು. ಅಕ್ಕನನ್ನು ರೈಲಿನಲ್ಲಿ ಚೆನ್ನೈಗೆ ಕರೆದುಕೊಂಡು ಹೋಗಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಿಟ್ಟೆ. ಹೆದರುತ್ತಾರೆಂದುಕೊಂಡಿದ್ದೆ. "ನೀನು ಹೋಗು, ಇಲ್ಲಿ ಎಲ್ಲಾ ತಮಿಳೇ," ಎಂದು ಬೆನ್ನು ತಿರುಗಿಸಿ ನಡೆದೇಬಿಟ್ಟರು.

ನಾಲ್ಕನೆಯ ದಿನ ಅವರ ಫೋನು ಬಂತು.

"ನಾಳೆಗೇ ಟಿಕೆಟ್ ಮಾಡು ಕಣ್ಣಾ. ಇವಳ ಜೊತೆ ಇರಕ್ಕಾಗಲ್ಲ."

"ಏನಾಯ್ತು ಅಕ್ಕಾ?"

"ನನ್ನ ಮದುವೆಗೆ ಇವಳು ಬಂದೇ ಇಲ್ಲ. ಈಗ ಬಂದಿದ್ದೆ, ನಾನೇ ನಿನಗೆ ಹೂ ಮುಡಿಸಿದ್ದು ಅಂತಾಳೆ! ಎಷ್ಟು ಸುಳ್ಳು! ಹೂ ಮುಡಿಸಿದ್ದು ಅತ್ತೆ."

ಹಿಂದಿನಿಂದ ಇನ್ನೊಂದು ದನಿ ತಮಿಳಿನಲ್ಲಿ ಏನೋ ಕೂಗುತ್ತಿತ್ತು. ಅಕ್ಕ ಫೋನು ಹಿಡಿದುಕೊಂಡೇ ಅದಕ್ಕೊಂದು ತಿರುಗೇಟು ಕೊಟ್ಟರು. ವಿಮಾನ ಕಂಪನಿಗೆ ವಿಚಾರಿಸಿದೆ. ಪಾಯಿಂಟಿನ ಟಿಕೆಟ್ಟಿನ ದಿನ ಬದಲಿಸಲು ಬರುವುದಿಲ್ಲ. ಸಣ್ಣ ಅಕ್ಷರಗಳಲ್ಲಿ ಅದೂ ಇತ್ತು. ಮೋಸದ ಷರತ್ತು ಎಂದು ನಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಅಕ್ಕನಿಗೆ ತಿಳಿಸಿದೆ.

"ದುಡ್ಡು ಕೊಟ್ಟು ತಗೊಂಡಿದ್ರೆ ಬದಲಾಯಿಸ್ತಿದ್ರಾ?"

"ಬದಲಾಯಿಸ್ತಿದ್ರು ಅಕ್ಕಾ."

"ಅದಕ್ಕೇ ಹೇಳೋದು, ಪುಕ್ಕಟೆ ಅಂದ್ರೆ ಇಷ್ಟೇ," ಎಂದು ಫೋನಿಟ್ಟರು. ಆಮೇಲೆ ಎರಡು ವಾರ ಸುದ್ದಿಯಿಲ್ಲ.

ವಾಪಸು ಬರುವ ದಿನ ಚೆನ್ನೈಗೆ ಹೋದೆ. ರೈಲಿನಲ್ಲಿ ಅಕ್ಕನ ಪಕ್ಕ ಕೂತೆ. ತಡೆಯಲಾರದೆ ಕೇಳಿದೆ, ಜಗಳದಲ್ಲಿ ಕೊನೆಗೆ ಗೆದ್ದವರು ಯಾರು ಎಂದು.

"ಅವಳೇ. ಇನ್ನೇನು ಮಾಡೋದು? ಟಿಕೆಟ್ ಇಲ್ಲ, ಎಲ್ಲಿಗೆ ಹೋಗಲಿ? ದಿನಾ ಅವಳ ಕಾಲು ಒತ್ತಬೇಕು. ಕಾಲು ಒತ್ತಿಕೊಂಡು ಎಷ್ಟು ದಿನ ಬಯ್ಯೋದು? ಬಾವು ಬಂದ ಕಾಲು, ಬೆರಳಿಟ್ರೆ ಗುಳಿ ಬೀಳತ್ತೆ. ಹೂ ಮುಡಿಸಿದ್ದು ನೀನೇ ಬಿಡು ಅಂದೆ. ಅಳಕ್ಕೆ ಶುರು ಮಾಡಿದ್ಳು. ಆಮೇಲೆ ಹನ್ನೆರಡು ದಿನ ಚೆನ್ನಾಗಿತ್ತು ಕಣ್ಣಾ. ತುಂಬಾ ಚೆನ್ನಾಗಿತ್ತು."

ದೊಡ್ಡಕ್ಕ ಅದೇ ವರ್ಷ ಜುಲೈನಲ್ಲಿ ತೀರಿಕೊಂಡರು. ಪತ್ರ ಓದಿ ಹೇಳಲು ಅಕ್ಕ ಬಂದಿದ್ದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಅಭ್ಯಾಸ ಬಿಡಬೇಕಲ್ಲ. ಜನವರಿಗೆ ಅರ್ಜಿ ಹಾಕಿದ್ದರೂ ಮೇ ತಿಂಗಳಲ್ಲಿ ಅಕ್ಕ ಹೋಗಿಬರಬಹುದಿತ್ತು. ನನ್ನ ಗ್ರಾಫು ತಪ್ಪಾಗಿರಲಿಲ್ಲ. ಪತ್ರದ ಕೊನೆಯಲ್ಲಿ ದೊಡ್ಡಕ್ಕನ ಮಗ ಬರೆದಿದ್ದ: ಏಪ್ರಿಲಿನಿಂದ ಅಮ್ಮನಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ, ಯಾರ ಮೇಲೂ ರೇಗುತ್ತಿರಲಿಲ್ಲ. ಅಕ್ಕ ಆ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದರು.