ಅಕ್ಕೋರು ಕೊಟ್ಟ ಖಣದ ತುಂಡು

ಮೊನ್ನೆ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಖಣದ ತುಂಡು ಕೈಗೆ ಬಂತು. ಅಂಗೈ ಅಗಲದ ಹಸಿರು ಅರಿವೆ, ಒಂದು ಬದಿಗೆ ಕೆಂಪು ದಡಿ. ಮೂಗಿಗೆ ಹಿಡಿದೆ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇನ್ನೂ ಇದೆ ಅನ್ನಿಸಿತು. ಇರಲಿಕ್ಕಿಲ್ಲ, ನನ್ನ ಮೂಗಿನದೇ ಹಟ...

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ಈ ತುಂಡು ಕೊಟ್ಟ ಅಕ್ಕೋರು ಕುಷ್ಟಗಿಯಲ್ಲಿ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದರು. ನಾನು ಹನುಮಸಾಗರದಿಂದ ಬಸ್ಸಿಗೆ ಬರುತ್ತಿದ್ದೆ. ಮುಂಜಾನೆ ಪಾಠ, ಮಧ್ಯಾಹ್ನ ಅದೇ ಕೋಣೆಯ ಮೂಲೆಯಲ್ಲಿ ಹೊಲಿಗೆ. ಕುಪ್ಪಸ ಹೊಲಿದುಕೊಟ್ಟರೆ ಉಳಿದ ತುಂಡನ್ನು ಅದರೊಳಗೇ ಮಡಚಿಡುವುದು ಅವರ ಪದ್ಧತಿ. ಬೇರೆ ದರ್ಜಿಗಳು ಅದನ್ನು ಗೊಂಬೆಗೋ ದಿಂಬಿಗೋ ತುರುಕುತ್ತಿದ್ದರು. ಇವರು ಮಾತ್ರ, "ಮುಂದ ತ್ಯಾಪಿ ಹಚ್ಚಬೇಕಾದ್ರ ಅದಾ ಅರಿವಿನಾ ಬೇಕವಾ," ಎನ್ನುತ್ತಿದ್ದರು.

ನಮ್ಮ ಕಂಪ್ಯೂಟರುಗಳನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಅಕ್ಕೋರು ತಾವೇ ಓದಿ, ತಾವೇ ಹಾಕಿದ್ದು. ಎಲ್ಲ ಛಲೋ ನಡೆದಿತ್ತು, ಒಂದನ್ನು ಬಿಟ್ಟು. ಕನ್ನಡದಲ್ಲಿ 'ಷ್ಟ' ಎಂದು ಒತ್ತಿದ ಕೂಡಲೇ ಬರೆಯುವ ಪ್ರೋಗ್ರಾಂ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಷ್ಟ, ನಷ್ಟ, ಇಷ್ಟ ಯಾವುದನ್ನೂ ಬರೆಯುವಂತಿಲ್ಲ. ಅವನ್ನಾದರೂ ಬಿಡಬಹುದು, ಊರ ಹೆಸರನ್ನು ಹೇಗೆ ಬಿಡುವುದು? ಕೋಣೆಗೂ ಕಂಪ್ಯೂಟರುಗಳಿಗೂ ಮಾಲಕರಾದವರು ಒಂದು ದಿನ ತಾವೇ ಕುಳಿತು ಒತ್ತಿ ನೋಡಿದರು.

"ಅಕ್ಕೋರ, ಕುಷ್ಟಗಿ ಅಂತ ಬರಿಯಾಕ ಬರಲಾರದ ಕಂಪ್ಯೂಟರ್ ಕುಷ್ಟಗ್ಯಾಗ ಇಟಗೊಂಡು ಏನ್ ಮಾಡೂದ್ರಿ? ಯುಗಾದಿ ತನಕ ನೋಡತೀನಿ. ಆಮ್ಯಾಲೆ ಎಲ್ಲಾ ತಗದು ಬ್ಯಾರೇದು ಹಾಕಸ್ತೀನಿ."

ಬೇರೆಯದಕ್ಕೆ ಬೇರೆ ಮಾಸ್ತರರನ್ನೂ ಅವರು ನೋಡಿಟ್ಟಿದ್ದರು. ಅದು ನಮಗೆಲ್ಲ ಗೊತ್ತಿತ್ತು, ಅಕ್ಕೋರಿಗೂ.

ಪ್ರೋಗ್ರಾಂ ಮಾಡಿದವರಿಗೆ ಅಕ್ಕೋರು ಬರೆದರು. ಅದು ಬಿದ್ದಾಗ, ಅಂದರೆ ತಾನಾಗಿ ಮುಚ್ಚಿಕೊಂಡಾಗ, ಕಂಪ್ಯೂಟರ್ ಬರೆದಿಟ್ಟ ವರದಿಯನ್ನೂ ಕಳಿಸಿದರು. ಉತ್ತರ ಬಂತು: ನಿಮ್ಮ ವರದಿಯ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳಿವೆ, ಡೀಬಗ್ ಪ್ಯಾಕೇಜ್ ಹಾಕಿ ಮತ್ತೆ ಕಳಿಸಿ. ಅಂದರೆ, ಪ್ರೋಗ್ರಾಂ ಹಗುರವಾಗಲಿ ಎಂದು ಅದರೊಳಗಿನ ಹೆಸರುಗಳನ್ನೂ ಸಾಲಿನ ಗುರುತುಗಳನ್ನೂ ತೆಗೆದು ಬೇರೆ ಗಂಟು ಕಟ್ಟಿರುತ್ತಾರೆ. ಆ ಡೀಬಗ್ ಗಂಟಿಲ್ಲದೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಯಾರಿಗೂ ತಿಳಿಯದು. ನಮ್ಮ ಸಿ.ಡಿ.ಯಲ್ಲಿ ಅದಿರಲಿಲ್ಲ. ಕೋಣೆಯ ಇಂಟರ್ನೆಟ್ಟೋ ಎತ್ತಿನ ಬಂಡಿ. ಹುಬ್ಬಳ್ಳಿಗೆ ಹೋದವರೊಬ್ಬರ ಕೈಯಲ್ಲಿ ತರಿಸಿದ್ದಾಯಿತು. ಹೆಸರು ಅದೇ, ಆವೃತ್ತಿಯೂ ಅದೇ, ಆದರೆ ಪ್ರೋಗ್ರಾಮನ್ನು ಮತ್ತೊಮ್ಮೆ ಹೊಸದಾಗಿ ತಯಾರಿಸಿದಾಗ ಕಟ್ಟಿದ ಗಂಟು. ನಮ್ಮ ಪ್ರೋಗ್ರಾಂ ಅದನ್ನು ಒಪ್ಪಲೇ ಇಲ್ಲ.

"ಬಣ್ಣ ಒಂದಾ ಐತಿ ಖರೆ, ಅರಿವಿ ಕತ್ತರಿಸಿದ ಥಾನ ಬ್ಯಾರೆ," ಅಂದರು ಅಕ್ಕೋರು. ಮೊದಲಿನದನ್ನು ಹುಡುಕಿದರೆ, ಹೊಸದು ಬಂದ ಕೂಡಲೇ ಹಳೆಯದನ್ನು ಸರ್ವರಿನಿಂದ ಅಳಿಸಿಬಿಟ್ಟಿದ್ದರು. ಅಕ್ಕೋರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅರಿವಿ ಇನ್ನಾ ಮೈಮ್ಯಾಲೆ ಐತಿ, ತುಂಡು ತಿಪ್ಪಿಗೆ ಒಗದಾರ ನೋಡು."

ಅಂದೇ ಅವರು ಲಿನಕ್ಸಿನವರು ಚರ್ಚಿಸುವ ಇ-ಮೇಲ್ ಗುಂಪಿಗೆ ಬರೆದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಅವರು ಬರೆದದ್ದು ಇಷ್ಟು: ತುಂಡನ್ನು ಬೇರೆ ಇಡುವುದು ಸರಿಯೇ, ಕುಪ್ಪಸ ತೊಟ್ಟವಳು ಅದನ್ನು ದಿನಾ ಹೊತ್ತು ತಿರುಗಬೇಕಿಲ್ಲ. ಆದರೆ ಎರಡಕ್ಕೂ ಒಂದೇ ಗುರುತು ಹಾಕಿ, ಕೇಳಿದವರಿಗೆ ಸಿಗುವ ಹಾಗೆ ಇಡಿ, ತೊಟ್ಟವರು ಇರುವ ತನಕ ಒಗೆಯಬೇಡಿ. ಹರಕು ಇಂಗ್ಲಿಷು. ಕೆಲವರು ಜಾಗ ಸಾಲದು ಅಂದರು, ಕೆಲವರು ನಕ್ಕರು. ಪುಣೆಯ ಯಾರೋ ಒಬ್ಬರು ಮಾತ್ರ, ಆ ಹಳೆಯ ಗಂಟು ನನ್ನ ಡಿಸ್ಕಿನಲ್ಲಿ ಉಳಿದಿದೆ, ವಿಳಾಸ ಕೊಡಿ ಎಂದು ಬರೆದರು.

ಅಂಚೆಯಲ್ಲಿ ಸಿ.ಡಿ. ಬಂತು. ಪ್ರಶ್ನಾರ್ಥಕ ಚಿಹ್ನೆಗಳಿದ್ದ ಜಾಗದಲ್ಲೆಲ್ಲ ಹೆಸರುಗಳು ಮೂಡಿದವು, ಸಾಲಿನ ಸಂಖ್ಯೆ ಮೂಡಿತು. ವರದಿ ಹೋಯಿತು, ರಿಪೇರಿ ಬಂತು, ಯುಗಾದಿ ಇನ್ನೂ ಬಂದಿರಲಿಲ್ಲ. ಮಾಲಕರನ್ನೇ ಕರೆದು ಕೂರಿಸಿದೆವು. ಅವರು ಒಂದೊಂದೇ ಅಕ್ಷರ ಹುಡುಕಿ 'ಕುಷ್ಟಗಿ' ಎಂದು ಒತ್ತಿದರು. ಪ್ರೋಗ್ರಾಂ ಮುಚ್ಚಿಕೊಳ್ಳಲಿಲ್ಲ. ಅವರು ಇನ್ನೊಂದು ಸಲ ಬರೆದರು, ಮತ್ತೊಂದು ಸಲ ಬರೆದರು. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕ್ರಿ ಮಾಲಕರ, ಹುಡುಗ್ಯಾರು ಕಲೀಬೇಕು, ಏಳ್ರಿ," ಅಂದರು.

ನನಗೆ ಕೊಪ್ಪಳದ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ಅವರೇ ಕುಪ್ಪಸ ಹೊಲಿದುಕೊಟ್ಟರು. ಒಳಗೆ ಈ ತುಂಡಿತ್ತು. "ಅರಿವಿ ಹರಿಯೋತನಕ ತುಂಡು ಇರಬೇಕವಾ," ಅಂದರು. ಆಮೇಲೆ ನಾನು ಕುಷ್ಟಗಿಗೆ ಹೋಗುವುದು ಕಡಿಮೆಯಾಯಿತು... ಅವರು ಜಡ್ಡಿಗೆ ಬಿದ್ದದ್ದು ತಿಳಿದು ಹೋಗುವಷ್ಟರಲ್ಲಿ ಮಾತು ನಿಂತಿತ್ತು. ಕೈ ಹಿಡಿದುಕೊಂಡರು, ಅಷ್ಟೇ.

ಈಗ ನನ್ನನ್ನೇ ಮಕ್ಕಳು ಅಕ್ಕೋರ ಎನ್ನುತ್ತಾರೆ. ಲ್ಯಾಬಿನಲ್ಲಿ ಪ್ರೋಗ್ರಾಂ ಬಿದ್ದು ನಾವು ಕಾರಣ ಹುಡುಕಲು ಕುಳಿತರೆ, ಡೀಬಗ್ ಗಂಟನ್ನು ತರಲೇ ಎಂದು ಯಂತ್ರವೇ ಕೇಳುತ್ತದೆ. ಹೂಂ ಅಂದರೆ, ಗುರುತು ನೋಡಿ ಅದೇ ಥಾನಿನದನ್ನೇ ತರುತ್ತದೆ. ಪ್ರತಿ ಸಲ ಪಕ್ಕದ ಕುರ್ಚಿಯ ಕಡೆ ನೋಡುತ್ತೇನೆ. ಅವರಿಗೆ ಇದನ್ನು ತೋರಿಸಬೇಕಿತ್ತು.

ಆ ಕುಪ್ಪಸ ತೊಟ್ಟು ತೊಟ್ಟು ಹರಿದು ಎಷ್ಟೋ ವರ್ಷವಾಯಿತು. ಅರಿವಿ ಹರಿಯುವ ತನಕ ತುಂಡು ಇರಬೇಕು ಎಂದು ಅಕ್ಕೋರು ಹೇಳಿಕೊಟ್ಟಿದ್ದರು. ಹರಿದ ಮೇಲೆ ಅದನ್ನೇನು ಮಾಡಬೇಕು ಎಂದು ಹೇಳಿಕೊಡಲಿಲ್ಲ. ಮಡಚಿ ಮತ್ತೆ ಟ್ರಂಕಿನಲ್ಲಿಟ್ಟೆ.