ನನ್ನ ಮುಂದೆಯೇ ಹೇಳಿ

ನನ್ನ ಅಕ್ಕನ ಮಗಳು ಮಾಪಾಲೊಗೆ ಹದಿಮೂರು ತುಂಬುವಷ್ಟರಲ್ಲಿ ಅವಳ ಬಾಯಿಗೆ ಶಾಲೆಯ ಮೇಷ್ಟರುಗಳೆಲ್ಲ ಹೆದರುತ್ತಿದ್ದರು. ಒಬ್ಬರನ್ನು ಬೋಳು ಕುಂಬಳಕಾಯಿ ಅಂದಳು. ಇನ್ನೊಬ್ಬರ ನಡಿಗೆಯನ್ನು ಅವರೆದುರೇ ಅಣಕಿಸಿ ತೋರಿಸಿದಳು. ಆಗಾಗ ತರಗತಿಯಿಂದ ಹೊರಗೆ. ಅಪ್ಪ ತಾಮ್ರದ ಗಣಿಯಲ್ಲಿ ಸತ್ತ ಮೇಲೆ ಹುಡುಗಿಗೆ ತಲೆ ಕೆಟ್ಟಿದೆ ಅಂತ ನೆರೆಹೊರೆಯವರ ತೀರ್ಮಾನ. ಕೊನೆಗೆ ಹೆಡ್‌ಮಾಸ್ಟರು ಅಕ್ಕನನ್ನು ಕರೆಸಿದರು.

"ಮನಶ್ಶಾಸ್ತ್ರದವರಿಗೆ ತೋರಿಸಿ. ಬುದ್ಧಿ ಸರಿಯಿಲ್ಲ ಅಂತ ಬರೆಸ್ಕೊಂಡು ಬನ್ನಿ. ಏಳನೇ ಕ್ಲಾಸಿನ ಪರೀಕ್ಷೆಗೆ ಇವಳನ್ನ ಕೂರಿಸಿ ಶಾಲೆ ಮಾನ ಕಳೆಯೋಕಾಗಲ್ಲ."

ನಮ್ಮ ಗಣಿಯೂರು ಕಿಟ್ವೆಯಲ್ಲಿ ಮಕ್ಕಳನ್ನು ಹಾಗೆ ಪರೀಕ್ಷಿಸುವವರು ಬಾ ಕಪೆಂಬ್ವಾ ಅನ್ನುವ ಹೆಂಗಸು; 'ಬಾ' ಅಂದರೆ ನಮ್ಮಲ್ಲಿ ಹಿರಿಯರ ಹೆಸರಿಗೆ ಹಚ್ಚುವ ಮರ್ಯಾದೆಯ ಮಾತು. ಅವರ ಕೋಣೆ ಮಾರುಕಟ್ಟೆಯಾಚೆ, ಹೊಲಿಗೆ ಅಂಗಡಿಯ ಮೇಲೆ. ಅಕ್ಕ ಬಲು ಮೆತ್ತನೆಯವಳು, ಅದಕ್ಕೆ ನಾನೂ ಜೊತೆಗೆ ಹೋದೆ. ನಮ್ಮಿಬ್ಬರನ್ನು ಹೊರಗೆ ಕೂರಲು ಅವರು ಹೇಳಿದಾಗ ಮಾಪಾಲೊ ಒಪ್ಪಲಿಲ್ಲ.

"ಅಮ್ಮ, ಚಿಕ್ಕಮ್ಮ ಇಲ್ಲೇ ಇರ್ಲಿ. ನೀವು ಏನು ಬರೆದ್ರೂ ಮೊದಲು ನನ್ನ ಮುಂದೆಯೇ ಹೇಳಿ. ದೊಡ್ಡವರ ಕಿವೀಲಿ ಪಿಸುಗುಟ್ಟೋದಾದ್ರೆ ನಾನು ಬಾಯೇ ಬಿಡಲ್ಲ."

ಅಕ್ಕ ಅವಳ ತೊಡೆ ಚಿವುಟಿದಳು. ಬಾ ಕಪೆಂಬ್ವಾ ನಕ್ಕುಬಿಟ್ಟರು. "ಆಯ್ತು ತಾಯಿ. ನಿನ್ನ ಮುಂದೆಯೇ, ನಮ್ಮ ಬೆಂಬಾ ಭಾಷೇಲೇ ಹೇಳ್ತೀನಿ."

ಬಣ್ಣದ ತುಂಡುಗಳನ್ನು ಜೋಡಿಸು ಅಂದರು, ಚಿತ್ರದಲ್ಲಿ ಏನಿಲ್ಲ ಹೇಳು ಅಂದರು, ಕಥೆ ಹೇಳಿ ಪ್ರಶ್ನೆ ಕೇಳಿದರು. "ಇಷ್ಟೇನಾ?" ಅನ್ನುತ್ತಾ ಎಲ್ಲವನ್ನೂ ಸರಸರ ಮುಗಿಸಿದಳು. ಆಮೇಲೆ ಓದಲು ಒಂದು ಹಾಳೆ ಮುಂದಿಟ್ಟರು. ಮಾಪಾಲೊ ತಕ್ಷಣ ತಲೆಯೆತ್ತಿ, "ನಿಮ್ಮ ವಿಗ್ಗನ್ನ ಆಡು ಮೇಯ್ದಂಗಿದೆ" ಅಂದಳು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಾ ಕಪೆಂಬ್ವಾ ಮೆಲ್ಲಗೆ ಹಾಳೆಯನ್ನು ಕವುಚಿಟ್ಟರು.

"ಈಗ ನಾನು ನಿನ್ನನ್ನ ಹೊರಗೆ ಹಾಕ್ಬೇಕು, ಅಲ್ವಾ? ಹಾಕಲ್ಲ. ಇನ್ನೂ ಬೈಯೋದಿದ್ರೆ ಬೈಕೋ."

ಮಾಪಾಲೊ ಬೈಯಲಿಲ್ಲ. ಉಗುರು ಕಚ್ಚುತ್ತಾ ಅಂದಳು: "ಅಕ್ಷರ ಕೂಡೋದೇ ಇಲ್ಲ. ಕ್ಲಾಸಲ್ಲಿ ಓದೋಕೆ ನನ್ನ ಸರದಿ ಬರೋಷ್ಟರಲ್ಲಿ ಏನಾದ್ರೂ ಅಂದುಬಿಡ್ತೀನಿ, ಹೊರಗೆ ಕಳಿಸ್ತಾರೆ. ಹುಚ್ಚಿ ಅಂದ್ರೂ ಪರವಾಗಿಲ್ಲ. ದಡ್ಡಿ ಅಂತ ನಗಬಾರ್ದು."

ಅಕ್ಕ ಸೊಂಟಕ್ಕೆ ಸುತ್ತಿದ್ದ ಚಿಟೆಂಗೆ ಬಟ್ಟೆಯ ತುದಿಯನ್ನು ಸೆರಗಿನಂತೆ ಬಾಯಿಗೆ ಒತ್ತಿಕೊಂಡಳು.

ಡಾಕ್ಟರಿಗೆ ಕಣ್ಣು ಕಿವಿ ತೋರಿಸಿ, ಮತ್ತೂ ಕೆಲವು ಸಲ ಹೋಗಿ ಬಂದ ಮೇಲೆ ವರದಿ ಮುಗಿಯಿತು. ಬುದ್ಧಿ ಚುರುಕು, ಅಕ್ಷರವನ್ನೂ ಸದ್ದನ್ನೂ ಕೂಡಿಸುವುದರಲ್ಲಿ ಮಾತ್ರ ತೊಡಕು, ಬೇರೆ ರೀತಿಯಲ್ಲಿ ಕಲಿಸಿದರೆ ಓದುತ್ತಾಳೆ ಅಂತ. ಮಾತು ಕೊಟ್ಟಂತೆ ಅವಳಿಗೇ ಮೊದಲು ಓದಿ ಹೇಳಿದರು.

"'ಒರಟು ಮಾತು' ಅನ್ನೋದನ್ನ ತೆಗೀರಿ."

"ತೆಗೆಯಲ್ಲ. ನೀನು ಒರಟೇ."

ಮಾಪಾಲೊ ಕಿಸಕ್ಕನೆ ನಕ್ಕಳು.

ವರದಿ ಕೊಡಲು ಬಾ ಕಪೆಂಬ್ವಾ ತಾವೇ ನಮ್ಮ ಜೊತೆ ಶಾಲೆಗೆ ಬಂದರು. ಅಲ್ಲಿ ಹೆಡ್‌ಮಾಸ್ಟರು ನಗಲಿಲ್ಲ. "ನಾನು ಕೇಳಿದ್ದು ಇದಲ್ಲ ಮೇಡಂ. ತಿದ್ದಿ ಕೊಡಿ. ಇಲ್ಲಾಂದ್ರೆ ನಮ್ಮಿಂದ ಒಂದು ಮಗೂನೂ ನಿಮ್ಮ ಹತ್ರ ಬರಲ್ಲ."

"ಬರದಿದ್ರೆ ಬೇಡ ಸರ್. ಇಲ್ಲದ ರೋಗ ನಾನು ಬರೆಯಲ್ಲ."

ಮಾಪಾಲೊ ಎದ್ದು ನಿಂತಳು. "ನನಗೆ ಓದೋಕೆ ಬರಲ್ಲ ಸರ್. ಇಷ್ಟು ವರ್ಷ ಇಲ್ಲೇ ಇದ್ದೆ, ನಿಮಗ್ಯಾರಿಗೂ ಗೊತ್ತಾಗ್ಲಿಲ್ಲ. ವಿಜ್ಞಾನದ್ದು ಯಾವ ಪ್ರಶ್ನೆ ಬೇಕಾದ್ರೂ ಬಾಯಲ್ಲಿ ಕೇಳಿ. ಈಗಲೇ ಕೇಳಿ."

ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡಿದರು. ಆಗ ಎಂದೂ ದನಿಯೆತ್ತದ ನನ್ನ ಅಕ್ಕ, "ಕೇಳಿ ಸರ್, ಯಾಕೆ ಹೆದರಿಕೆನಾ?" ಅಂದುಬಿಟ್ಟಳು.

ಅವರು ಕೇಳಲಿಲ್ಲ. ನಾವು ಅವತ್ತೇ ಹುಡುಗಿಯನ್ನು ಬಿಡಿಸಿದೆವು. ಊರಾಚೆಯ ಇನ್ನೊಂದು ಶಾಲೆ ಸೇರಿಸಿಕೊಂಡಿತು. ಬಾ ಕಪೆಂಬ್ವಾ ಶನಿವಾರಗಳಲ್ಲಿ ಅಕ್ಷರ ತಿದ್ದಿಸಿದರು. ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೊಡಿಸಲು ಅವರು ಕಚೇರಿ ಕಚೇರಿ ಅಲೆದರು, ಕೊಡಿಸಿಯೂ ಕೊಡಿಸಿದರು. ಮಾಪಾಲೊ ಇಂಗ್ಲಿಷಿನಲ್ಲಿ ಕೂದಲೆಳೆಯಲ್ಲಿ ಪಾರಾದಳು, ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದೆ. ಹಳೇ ಶಾಲೆಯ ಹೆಡ್‌ಮಾಸ್ಟರು ಆಮೇಲೆ ಯಾವ ಮಗುವನ್ನೂ ಬಾ ಕಪೆಂಬ್ವಾ ಹತ್ತಿರ ಕಳಿಸಲಿಲ್ಲ. ತಾಯಂದಿರು ತಾವೇ ಕರೆತರತೊಡಗಿದರು.

ಮಾಪಾಲೊ ಈಗ ಗಣಿಯ ಮೋಟಾರುಗಳಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿದ್ದಾಳೆ. ಗೋಡೆಗೆ ಅಂಟಿಸಿದ ಸೂಚನೆಗಳನ್ನು ಬೆರಳಿಟ್ಟು ನಿಧಾನಕ್ಕೆ ಓದುತ್ತಾಳೆ. ಹಿಂದಿನಿಂದ ಯಾರಾದರೂ ಗೊಣಗಿದರೆ ತಿರುಗಿಯೂ ನೋಡದೆ, "ಅವಸರ ಇದ್ರೆ ಸುತ್ತು ಹಾಕ್ಕೊಂಡು ಹೋಗಪ್ಪಾ, ನಾನಿನ್ನೂ ಓದ್ತಿದೀನಿ" ಅನ್ನುತ್ತಾಳೆ.